ಎಲ್ ಬೋರ್ಡು ತೆಗೆದ ಮರುದಿನ

ನಮ್ಮ ಗಡಿನಾಡಿನಲ್ಲಿ ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಗೆ ಮೊದಲು ನೆನಪಾಗುವುದು ಲೈಸೆನ್ಸು. ಮತದಾರರ ಪಟ್ಟಿ ಆಮೇಲೆ. ‘ಎಂಟು ಹಾಕುವುದು’, ‘ಎಚ್ ಹಾಕುವುದು’ ಎಂಬ ಮಾತುಗಳು ಕಾಸರಗೋಡಿನ ಮನೆಮನೆಗೂ ಪರಿಚಿತ. ಕಾಲು ನೆಲಕ್ಕೆ ಊರದೆ ಬೈಕನ್ನು ಎಂಟರ ಆಕಾರದಲ್ಲಿ ಸುತ್ತಿಸಬೇಕು, ನೆಟ್ಟ ಕೋಲುಗಳಿಗೆ ತಾಗಿಸದೆ ಕಾರನ್ನು ಎಚ್ ಆಕಾರದಲ್ಲಿ ಹಿಂದೆ ಮುಂದೆ ತರಬೇಕು. ಇಷ್ಟನ್ನೂ ದಾಟಿ ರಸ್ತೆಯ ಪರೀಕ್ಷೆಯಲ್ಲೂ ಪಾಸಾದವರು ಮನೆಗೆ ಬಂದು ಮೊದಲು ಮಾಡುವ ಕೆಲಸವೆಂದರೆ ವಾಹನಕ್ಕೆ ಅಂಟಿಸಿದ್ದ ಕೆಂಪು ಎಲ್ ಅಕ್ಷರವನ್ನು ಕಿತ್ತು ತೆಗೆಯುವುದು. ‘ಅವನಿನ್ನೂ ಎಲ್ ಬೋರ್ಡು ಮಾರಾಯ’ ಎನ್ನುವುದು ನಮ್ಮಲ್ಲಿ ಗೇಲಿಯ ಮಾತಾಗಿರುವಾಗ, ಆ ಅಕ್ಷರವನ್ನು ಒಂದು ದಿನ ಹೆಚ್ಚು ಇಟ್ಟುಕೊಳ್ಳಲು ಯಾರಿಗೆ ತಾನೆ ಮನಸ್ಸು ಬಂದೀತು?

ಬೋರ್ಡು ಹೋಯಿತು, ಸರಿ. ಹೊಸತನ ಹೋಯಿತೇ? ನಿನ್ನೆಯವರೆಗೆ ಪಕ್ಕದಲ್ಲಿ ಕಲಿಸುವವರು ಕೂತಿದ್ದರು. ಇಂದು ಆ ಸೀಟು ಖಾಲಿ. ನಿನ್ನೆ ಹಿಂದಿನಿಂದ ಬರುವ ಬಸ್ಸಿನವರಿಗೆ ಇದು ಕಲಿಯುವವರ ಗಾಡಿ ಎಂದು ತಿಳಿಯುತ್ತಿತ್ತು. ಇಂದು ತಿಳಿಯುವ ದಾರಿಯೇ ಇಲ್ಲ. ಒಬ್ಬರೇ ಓಡಿಸತೊಡಗಿದ ಮೊದಲ ಕೆಲವು ತಿಂಗಳುಗಳಲ್ಲೇ ಅಪಘಾತದ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು, ಅನುಭವ ಬಂದಂತೆ ಅದು ಬೇಗನೆ ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅಂದರೆ ಗುರುತು ಹೆಚ್ಚು ಬೇಕಾದ ದಿನವೇ ನಮ್ಮಲ್ಲಿ ಗುರುತು ಕಳಚಿ ಬೀಳುತ್ತದೆ.

ಬೇರೆ ದೇಶಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡವು ಎಂಬ ಚರಿತ್ರೆ ಕುತೂಹಲದ್ದು. ಒಂದು ಅಕ್ಷರ, ಒಂದು ಎಲೆ, ಒಂದು ಕೆಂಪು ಪಟ್ಟಿಯ ಸುತ್ತ ಎಷ್ಟೊಂದು ವಾದ ನಡೆದಿದೆ ನೋಡಿ.

1935ರ ಇಂಗ್ಲೆಂಡ್

ಎಲ್ ಬೋರ್ಡಿನ ತವರು ಬ್ರಿಟನ್. ಅಲ್ಲಿ ಮೋಟಾರು ಕಾರು ಬಂದು ಮೂರು ನಾಲ್ಕು ದಶಕ ಕಳೆದರೂ ಓಡಿಸುವವರಿಗೆ ಪರೀಕ್ಷೆಯೇ ಇರಲಿಲ್ಲ. ಹಣ ಕಟ್ಟಿದರೆ ಲೈಸೆನ್ಸು ಕೈಗೆ ಬರುತ್ತಿತ್ತು. ಅದರ ಫಲವನ್ನು ರಸ್ತೆಯಲ್ಲಿ ನಡೆಯುವವರು ಉಣ್ಣಬೇಕಾಯಿತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಮಂದಿ ಸತ್ತರು. ಇಂದಿಗೆ ಹೋಲಿಸಿದರೆ ಆಗ ವಾಹನಗಳೇ ಬಹಳ ಕಡಿಮೆ. ಅದೇ ವರ್ಷ ಅಲ್ಲಿನ ಪಾರ್ಲಿಮೆಂಟು ರಸ್ತೆ ಸಂಚಾರದ ಹೊಸ ಕಾಯಿದೆಯನ್ನು ಮಾಡಿತು. ಲೆಸ್ಲಿ ಹೋರ್ ಬೆಲಿಶಾ ಆಗಿನ ಸಾರಿಗೆ ಮಂತ್ರಿ.

1935ರ ಮಾರ್ಚಿನಲ್ಲಿ ಇಷ್ಟವಿದ್ದವರಿಗಾಗಿ ಚಾಲನಾ ಪರೀಕ್ಷೆ ಶುರುವಾಯಿತು. ಜೂನ್ 1ರಿಂದ, 1934ರ ಏಪ್ರಿಲ್ 1ರ ಬಳಿಕ ಓಡಿಸಲು ತೊಡಗಿದ ಎಲ್ಲರಿಗೂ ಅದು ಕಡ್ಡಾಯವಾಯಿತು. ಶುಲ್ಕ ಏಳು ಶಿಲ್ಲಿಂಗ್ ಆರು ಪೆನ್ಸ್. ಪರೀಕ್ಷಾ ಕೇಂದ್ರಗಳು ಇನ್ನೂ ಇರಲಿಲ್ಲ. ರೈಲು ನಿಲ್ದಾಣದ ಎದುರೋ ಪಾರ್ಕಿನ ಬಳಿಯೋ ಪರೀಕ್ಷಕರನ್ನು ಕಂಡು ಅಲ್ಲಿಂದಲೇ ಗಾಡಿ ಹೊರಡಿಸಬೇಕಿತ್ತು. ಪಾಸಾಗುವವರೆಗೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರವನ್ನು ವಾಹನದ ಮುಂದೆ ಹಿಂದೆ ತೋರಿಸಬೇಕೆಂಬ ನಿಯಮವೂ ಆಗಲೇ ಬಂತು. ಎಲ್ ಎಂದರೆ ಲರ್ನರ್, ಕಲಿಯುವವ.

ಈ ವ್ಯವಸ್ಥೆಯಲ್ಲಿ ಒಂದು ಸ್ಪಷ್ಟವಾದ ಗೆರೆ ಇತ್ತು. ಗೆರೆಯ ಈಚೆ ಕಲಿಯುವವ, ಆಚೆ ಕಲಿತವ. ಪರೀಕ್ಷೆ ಮುಗಿದ ಗಳಿಗೆಯಲ್ಲೇ ಒಬ್ಬ ವ್ಯಕ್ತಿ ಗೆರೆ ದಾಟಿ ಪರಿಪೂರ್ಣ ಚಾಲಕನಾಗುತ್ತಾನೆ ಎಂಬ ನಂಬಿಕೆ ಅದರ ಹಿಂದಿತ್ತು. ಪಾಠ ಹೇಳುವ ನಮಗೆ ಈ ನಂಬಿಕೆ ಎಷ್ಟು ಅಪಕ್ವವೆಂದು ಗೊತ್ತು. ಏಳನೆಯ ತರಗತಿ ಪಾಸಾದ ಮಗು ಜೂನ್ ತಿಂಗಳಲ್ಲಿ ಎಂಟನೆಯ ತರಗತಿಯ ಬೆಂಚಿನಲ್ಲಿ ಕೂತ ಮಾತ್ರಕ್ಕೆ ಎಂಟನೆಯದರ ಮಗುವಾಗುವುದಿಲ್ಲ. ಅದಕ್ಕೆ ಓಣಂ ರಜೆಯಾದರೂ ಕಳೆಯಬೇಕು.

ಏಳು ಇಂಚು ನಮ್ಮಲ್ಲಿಗೆ ಬಂದ ಬಗೆ

ಬ್ರಿಟನ್ನಿನ ಎಲ್ ಬೋರ್ಡಿನ ಅಳತೆ ಏಳು ಇಂಚು ಚೌಕ. ಅಕ್ಷರದ ಎತ್ತರ ನಾಲ್ಕು ಇಂಚು, ಅಡಿಯ ಅಗಲ ಮೂರೂವರೆ ಇಂಚು. ಈಗ ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತೆರೆದು ಮೂರನೆಯ ನಿಯಮವನ್ನು ಓದಿ. ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಅಕ್ಷರ, ಫಲಕ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರದ ಎತ್ತರ ಕನಿಷ್ಠ 10 ಸೆಂಟಿಮೀಟರ್, ಅಡಿಯ ಅಗಲ 9 ಸೆಂಟಿಮೀಟರ್. ಗಣಿತದ ಮಕ್ಕಳು ಇಂಚನ್ನು 2.54ರಿಂದ ಗುಣಿಸಿ ನೋಡಲಿ. ಏಳು ಇಂಚು ಎಂದರೆ 17.78, ನಾಲ್ಕು ಇಂಚು 10.16, ಮೂರೂವರೆ ಇಂಚು 8.89. ಇಂಚು ಹೋಗಿ ಸೆಂಟಿಮೀಟರ್ ಬಂತು, ಹಲಗೆ ಮಾತ್ರ ಹೆಚ್ಚುಕಡಿಮೆ ಅದೇ.

ಹಲಗೆಯ ಜೊತೆ ಆ ಗೆರೆಯೂ ಬಂತು. ನಮ್ಮಲ್ಲಿ ಕಲಿಕೆಯ ಲೈಸೆನ್ಸಿಗೆ ಆರು ತಿಂಗಳ ಅವಧಿ. ಮೂವತ್ತು ದಿನ ಕಳೆದ ಬಳಿಕ ಪರೀಕ್ಷೆಗೆ ಹೋಗಬಹುದು. ಅಷ್ಟರವರೆಗೆ ಕಲಿಸುವವರು ಪಕ್ಕದಲ್ಲಿರಬೇಕು, ಬೇಕೆಂದಾಗ ಗಾಡಿಯನ್ನು ನಿಲ್ಲಿಸುವಂತೆ ಕೂತಿರಬೇಕು. ಕಾರಿಗೂ ಬೈಕಿಗೂ ಎಲ್ ಬೇಕು. ಪಾಸಾದ ಮೇಲೆ? ನಮ್ಮ ಕೇಂದ್ರ ನಿಯಮಗಳು ಹೊಸ ಚಾಲಕರಿಗಾಗಿ ಬೇರೆ ಗುರುತನ್ನು ಹೇಳುವುದಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದವರೂ ನಿನ್ನೆ ಪಾಸಾದವರೂ ಹಿಂದಿನಿಂದ ನೋಡಿದರೆ ಒಂದೇ.

ವೇಲ್ಸಿನ ಡಿ

ಮುಂದೆ ಹೋಗುವ ಮೊದಲು, ಗಡಿನಾಡಿನ ಕನ್ನಡಿಗರಾದ ನಾವು ತಿಳಿಯಲೇಬೇಕಾದ ಒಂದು ಸಂಗತಿಯಿದೆ. ಬ್ರಿಟನ್ನಿನ ಒಂದು ಭಾಗವಾದ ವೇಲ್ಸಿಗೆ ತನ್ನದೇ ಭಾಷೆಯಿದೆ. ವೆಲ್ಶ್ ಭಾಷೆಯಲ್ಲಿ ಕಲಿಯುವವನಿಗೆ ಇರುವ ಪದ ಡಿ ಅಕ್ಷರದಿಂದ ಶುರುವಾಗುತ್ತದೆ. ಹಾಗಾಗಿ ವೇಲ್ಸಿನೊಳಗೆ ಕಲಿಯುವ ಚಾಲಕರು ಎಲ್ ಬದಲು ಕೆಂಪು ಡಿ ಅಕ್ಷರವನ್ನು ಹಾಕಿಕೊಳ್ಳಬಹುದು. ಕಾನೂನೇ ಅದನ್ನು ಒಪ್ಪಿದೆ. ಆದರೆ ಗಡಿ ದಾಟಿ ಇಂಗ್ಲೆಂಡಿಗೆ ಗಾಡಿ ಹೊಕ್ಕಿತೋ, ಎಲ್ ಬೋರ್ಡು ಬೇಕೇ ಬೇಕು.

ತಲಪಾಡಿಯ ಗಡಿಯನ್ನು ದಿನವೂ ದಾಟುವ ನಮಗೆ ಇದರ ರುಚಿ ಬೇಗ ಹತ್ತುತ್ತದೆ. ಸಂಖ್ಯೆಯಲ್ಲಿ ಚಿಕ್ಕದಾದ ಭಾಷೆಗೆ ಒಂದಕ್ಷರದ ಜಾಗ ಕೊಟ್ಟದ್ದರಿಂದ ಅಲ್ಲಿನ ರಸ್ತೆ ಕೆಟ್ಟುಹೋಗಲಿಲ್ಲ. ಇನ್ನೊಂದು ಮಾತೂ ಇದರಲ್ಲಿದೆ. ಗುರುತು ಎಂಬುದು ನೋಡುವವನಿಗೆ ಅರ್ಥವಾಗಬೇಕು. ಅರ್ಥವಾಗದ ಗುರುತು ಬರಿ ಬಣ್ಣ. ಅಕ್ಷರವನ್ನೇ ಬಿಟ್ಟು ಎಲ್ಲರಿಗೂ ತಿಳಿಯುವ ಚಿತ್ರವನ್ನು ಹಿಡಿದರೆ ಹೇಗೆ? ಆ ದಾರಿಯನ್ನು ಹಿಡಿದದ್ದು ಜಪಾನ್.

ಜಪಾನಿನ ಚಿಗುರೆಲೆ

ಪಾಸಾದ ಮೇಲೂ ಗುರುತು ಬೇಕೆಂದು ಯೋಚಿಸಿದ ದೇಶ ಜಪಾನ್ ಒಂದೇ ಅಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1966ರಲ್ಲೇ ಪಿ ಬೋರ್ಡು ಬಂದಿತ್ತು. ಪಿ ಎಂದರೆ ಪ್ರೊವಿಷನಲ್, ತಾತ್ಕಾಲಿಕ ಲೈಸೆನ್ಸು. ಈಗ ಅಲ್ಲಿ ಮೊದಲು ಕೆಂಪು ಪಿ, ಆಮೇಲೆ ಹಸಿರು ಪಿ ಎಂದು ಎರಡು ಹಂತ. ಕೆಂಪಿನವರು ಗಂಟೆಗೆ 90 ಕಿಲೋಮೀಟರ್ ಮೀರುವಂತಿಲ್ಲ, ಹಸಿರಿನವರು 100 ಮೀರುವಂತಿಲ್ಲ. ಸಿಂಗಾಪುರದಲ್ಲಿ ಹಳದಿಯ ಮೇಲೆ ಕಿತ್ತಳೆ ಬಣ್ಣದ ತ್ರಿಕೋನ, ಒಂದು ವರ್ಷದ ಮಟ್ಟಿಗೆ. ಫ್ರಾನ್ಸಿನಲ್ಲಿ ಬಿಳಿ ವೃತ್ತದಲ್ಲಿ ಕೆಂಪು ಎ. ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಎಲ್ ಮುಗಿದ ಮೇಲೆ ಹಸಿರು ಎನ್.

ಜಪಾನಿನ ಕತೆ ಇವೆಲ್ಲಕ್ಕಿಂತ ಸ್ವಲ್ಪ ಬೇರೆ. ಯುದ್ಧಾನಂತರ ಆ ದೇಶದಲ್ಲಿ ಕಾರುಗಳು ಹೆಚ್ಚಿದ ವೇಗಕ್ಕೆ ರಸ್ತೆಗಳೂ ಮನುಷ್ಯರೂ ಸಿದ್ಧರಿರಲಿಲ್ಲ. 1970ರ ಒಂದೇ ವರ್ಷದಲ್ಲಿ 16,765 ಮಂದಿ ರಸ್ತೆ ಅಪಘಾತದಲ್ಲಿ ಸತ್ತರು. ಪತ್ರಿಕೆಗಳು ಅದನ್ನು ‘ಸಂಚಾರ ಯುದ್ಧ’ ಎಂದೇ ಕರೆದವು. ಆ ಕಾಲದಲ್ಲಿ ಕೈಗೊಂಡ ಹಲವು ಕ್ರಮಗಳಲ್ಲಿ ಒಂದು, 1972ರಲ್ಲಿ ಬಂದ ಹೊಸ ಚಾಲಕರ ಗುರುತು.

ಬಾಣದ ತುದಿಯನ್ನು ಕೆಳಗೆ ಮಾಡಿ ಹಿಡಿದಂಥ ಆಕಾರ, ಎಡ ಅರ್ಧ ಹಳದಿ, ಬಲ ಅರ್ಧ ಹಸಿರು. ನೋಡಿದರೆ ಆಗಷ್ಟೇ ಬಿಚ್ಚಿಕೊಂಡ ಎಳೆಯ ಎಲೆಯ ಹಾಗೆ. ಜನರು ಅದನ್ನು ಕರೆಯುವುದು ‘ವಕಾಬಾ’ ಎಂದು, ನಮ್ಮ ಮಾತಿನಲ್ಲಿ ಚಿಗುರೆಲೆ. ಕಾರಿನ ಲೈಸೆನ್ಸು ಸಿಕ್ಕಿದ ಬಳಿಕ ಒಂದು ವರ್ಷ ಅದನ್ನು ಕಾರಿನ ಮುಂದೆ ಹಿಂದೆ, ನೆಲದಿಂದ 40 ಸೆಂಟಿಮೀಟರಿಗಿಂತ ಮೇಲೆ, 120 ಸೆಂಟಿಮೀಟರಿಗಿಂತ ಕೆಳಗೆ, ಕಣ್ಣಿಗೆ ಬೀಳುವಂತೆ ಹಚ್ಚಬೇಕು. ಅಯಸ್ಕಾಂತ ಅಂಟಿಸಿದ ಹಾಳೆಯಾಗಿ ಅದು ಅಂಗಡಿಗಳಲ್ಲಿ ಸಿಗುತ್ತದೆ.

ಇಲ್ಲಿಯವರೆಗೆ ಹೊಸ ಚಾಲಕರ ಕರ್ತವ್ಯ. ಜಪಾನಿನ ಕಾನೂನು ಅಷ್ಟಕ್ಕೇ ನಿಲ್ಲಲಿಲ್ಲ. ಚಿಗುರೆಲೆ ಇರುವ ಕಾರಿನ ಪಕ್ಕಕ್ಕೆ ಒತ್ತರಿಸಿಕೊಂಡು ಹೋಗುವುದನ್ನೂ ಅದರ ಮುಂದಕ್ಕೆ ನುಗ್ಗುವುದನ್ನೂ ಅದು ಇತರರಿಗೆ ನಿಷೇಧಿಸಿತು. ಅಪಾಯ ತಪ್ಪಿಸಲು ಬೇರೆ ದಾರಿಯಿಲ್ಲದಿದ್ದರೆ ಮಾತ್ರ ವಿನಾಯಿತಿ. ದಂಡದ ಲೆಕ್ಕ ನೋಡಿದರೆ ಕಾನೂನಿನ ಮನಸ್ಸು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗುರುತು ಹಚ್ಚದ ಹೊಸ ಚಾಲಕನಿಗೆ 4,000 ಯೆನ್. ಗುರುತು ಇರುವ ಕಾರನ್ನು ಹೀಗೆ ಕಾಡಿದ ಕಾರು ಚಾಲಕನಿಗೆ 6,000 ಯೆನ್. ಹೊಸಬನ ಮರೆವಿಗಿಂತ ಅನುಭವಸ್ಥನ ದರ್ಪ ದೊಡ್ಡ ತಪ್ಪು ಎಂದು ಆ ದೇಶ ಹಣದ ಲೆಕ್ಕದಲ್ಲೇ ಬರೆದಿಟ್ಟಿತು.

ಈ ಗುರುತು ಜಪಾನಿನಲ್ಲಿ ರಸ್ತೆಯನ್ನೂ ಮೀರಿ ಬೆಳೆಯಿತು. ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಯ ಹೆಸರಿನ ಬಿಲ್ಲೆಯ ಮೇಲೂ ಚಿಗುರೆಲೆ ಇರುವುದುಂಟು. ‘ಇವಳು ಹೊಸಬಳು, ಸ್ವಲ್ಪ ತಡವಾದರೆ ಸೈರಿಸಿ’ ಎಂದು ಅದರ ಅರ್ಥ. 2010ರಲ್ಲಿ ಅದು ಯೂನಿಕೋಡಿಗೂ ಸೇರಿತು. ಇಂದು ನಮ್ಮ ಮೊಬೈಲಿನ ಇಮೋಜಿಗಳ ನಡುವೆ ಹುಡುಕಿದರೆ ಆ ಹಳದಿ ಹಸಿರು ಎಲೆ ಕಾಣಿಸುತ್ತದೆ.

ಜಪಾನಿನಲ್ಲಿ 2020ರಿಂದೀಚೆಗೆ ರಸ್ತೆಯ ಸಾವುಗಳು ವರ್ಷಕ್ಕೆ ಮೂರು ಸಾವಿರಕ್ಕಿಂತ ಕೆಳಗಿಳಿದಿವೆ. ಇದೆಲ್ಲ ಒಂದು ಎಲೆಯ ಮಹಿಮೆ ಎಂದು ನಾವು ಹೇಳುವುದಿಲ್ಲ. ಕಾಲುದಾರಿ, ಸಿಗ್ನಲ್, ಸೀಟ್ ಬೆಲ್ಟ್, ಕಟ್ಟುನಿಟ್ಟಿನ ತಪಾಸಣೆ, ಚಿಕಿತ್ಸೆ ಎಲ್ಲವೂ ಸೇರಿ ಆದ ಕೆಲಸವದು. ಆದರೆ ಇನ್ನೊಬ್ಬನ ಹೊಸತನಕ್ಕೆ ತಾಳ್ಮೆ ತೋರುವುದನ್ನು ಕಾನೂನಿನ ಪಾಠವಾಗಿಸಿದ್ದು ಚಿಗುರೆಲೆಯ ಹೆಚ್ಚುಗಾರಿಕೆ.

ಹಣ್ಣೆಲೆಯ ಮುನಿಸು

ಚಿಗುರೆಲೆ ಚೆನ್ನಾಗಿ ನಡೆಯಿತೆಂದು ಜಪಾನಿನವರು 1997ರಲ್ಲಿ ಮುದುಕರಿಗೂ ಒಂದು ಗುರುತು ಮಾಡಿದರು. ಮೊದಲು 75 ದಾಟಿದವರಿಗೆ, ಮುಂದೆ 70 ದಾಟಿದವರಿಗೆ. ಕಿತ್ತಳೆ ಮತ್ತು ಹಳದಿ ಬಣ್ಣದ ಹನಿಯ ಆಕಾರ. ಶರತ್ಕಾಲದ ಕೆಂಪು ಎಲೆಯ ನೆನಪಿನಿಂದ ಅದಕ್ಕೆ ‘ಮೊಮಿಜಿ’ ಎಂಬ ಹೆಸರು ಬಿತ್ತು. ಆದರೆ ಕುಹಕಿಗಳು ಸುಮ್ಮನಿದ್ದಾರೆಯೇ? ‘ಒಣಗಿದೆಲೆ’, ‘ಉದುರಿದೆಲೆ’ ಎಂದು ಕರೆಯತೊಡಗಿದರು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಎಂಬ ನಮ್ಮ ಗಾದೆ ಅಲ್ಲಿ ಕಾರುಗಳ ಬೆನ್ನ ಮೇಲೆ ನಿಜವಾಯಿತು.

2008ರಲ್ಲಿ 75 ದಾಟಿದವರಿಗೆ ಅದನ್ನು ಕಡ್ಡಾಯ ಮಾಡಿ ದಂಡವನ್ನೂ ಇಟ್ಟಾಗ ಹಿರಿಯರು ಸಿಟ್ಟಾದರು. ಜೀವಮಾನವಿಡೀ ದುಡಿದ ನಮ್ಮನ್ನು ಉದುರುವ ಎಲೆ ಎಂದು ತೋರಿಸುವುದೇ ಎಂಬ ನೋವು ಅದು. ಮರುವರ್ಷವೇ ಸರಕಾರ ಹಿಂದೆ ಸರಿಯಿತು. ದಂಡ ಹೋಗಿ ಅದು ಮತ್ತೆ ಸಲಹೆಯಾಯಿತು. 2011ರ ಫೆಬ್ರವರಿಯಲ್ಲಿ ಹೊಸ ಚಿತ್ರವೇ ಬಂತು. ನಾಲ್ಕು ಬಣ್ಣದ ನಾಲ್ಕೆಸಳಿನ ಎಲೆ, ನಡುವೆ ಹಿರಿಯರು ಎಂಬರ್ಥದ ಎಸ್ ಅಕ್ಷರ. ನಾಲ್ಕೆಸಳಿನ ಎಲೆ ಅದೃಷ್ಟದ ಸಂಕೇತ. ಈ ಗುರುತಿರುವ ಕಾರನ್ನೂ ಇತರರು ಒತ್ತರಿಸುವಂತಿಲ್ಲ.

ಗುರುತು ಎಷ್ಟೇ ಒಳ್ಳೆಯ ಉದ್ದೇಶದ್ದಾಗಿರಲಿ, ಅದನ್ನು ಹೊತ್ತವರಿಗೆ ನಾಚಿಕೆಯಾದರೆ ಕೆಲಸ ಕೆಟ್ಟಿತು. ತರಗತಿಯಲ್ಲಿ ಹಿಂದುಳಿದ ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸಿದರೆ ಏನಾಗುತ್ತದೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುರುತೇ ಅಪಾಯವೆಂದವರು

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಎದ್ದ ಆಕ್ಷೇಪ ಇನ್ನೊಂದು ಬಗೆಯದು. 2006ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಹದಿನಾರರ ಒಬ್ಬ ಹುಡುಗಿಯ ಹೆಸರಿನಲ್ಲಿ ಅಲ್ಲಿ ‘ಕೈಲೀಸ್ ಲಾ’ ಎಂಬ ಕಾನೂನು ಬಂತು. 2010ರ ಮೇ 1ರಿಂದ, 21ರೊಳಗಿನ ಹೊಸ ಚಾಲಕರು ತಮ್ಮ ನಂಬರ್ ಪ್ಲೇಟುಗಳಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಹಚ್ಚಬೇಕು. ಅಲ್ಲಿ ಹೊಸಬರಿಗೆ ತಡರಾತ್ರಿ ಓಡಿಸಬಾರದು, ಹೆಚ್ಚು ಮಂದಿಯನ್ನು ಕೂರಿಸಬಾರದು ಎಂಬ ನಿಯಮಗಳಿವೆ. ಅದನ್ನು ಮೀರಿದವರನ್ನು ಪೊಲೀಸರು ಗುರುತಿಸಲಿ ಎಂಬುದು ಪಟ್ಟಿಯ ಉದ್ದೇಶ.

ತಂದೆತಾಯಿಯರು ಹೆದರಿದರು. ಕಾರಿನಲ್ಲಿ ಒಂಟಿ ಹುಡುಗಿ ಇದ್ದಾಳೆಂದು ಕೆಟ್ಟವರಿಗೂ ಇದು ಸಾರಿ ಹೇಳುವುದಿಲ್ಲವೇ ಎಂದು ಕೇಳಿದರು. ಮೊಕದ್ದಮೆ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2012ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಆ ಬಳಿಕ ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯ ಸಂಶೋಧಕರು ಅಂಕಿಅಂಶಗಳನ್ನು ಅಳೆದರು. ಕೆಂಪು ಪಟ್ಟಿ ಬಂದ ಮೊದಲ ವರ್ಷ ಆ ಹಂತದ ಎಳೆಯ ಚಾಲಕರ ಅಪಘಾತಗಳ ದರ ಶೇಕಡಾ 9ರಷ್ಟು ಇಳಿದಿತ್ತು. ಆದರೂ ಹೆತ್ತವರ ಹೆದರಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ವಯಸ್ಸನ್ನು ಸಾರುವ ಗುರುತಿಗಿಂತ ಅನುಭವವನ್ನು ಮಾತ್ರ ಸಾರುವ ಗುರುತು ಒಳ್ಳೆಯದು. ಜಪಾನಿನ ಚಿಗುರೆಲೆ ಹದಿನೆಂಟರವರಿಗೂ ಒಂದೇ, ಐವತ್ತರಲ್ಲಿ ಕಲಿತವರಿಗೂ ಒಂದೇ.

ನಮ್ಮ ರಸ್ತೆಗೆ ಮರಳಿದರೆ

ಈ ಚರಿತ್ರೆಯಲ್ಲಿ ಎರಡು ಬಗೆಯ ಗುರುತುಗಳು ಕಾಣುತ್ತವೆ. ಒಂದು, ‘ಇವನ ಮೇಲೆ ಕಣ್ಣಿಡಿ’ ಎನ್ನುವುದು. ಇನ್ನೊಂದು, ‘ಇವನಿಗೆ ಸ್ವಲ್ಪ ಜಾಗ ಬಿಡಿ’ ಎನ್ನುವುದು. ನಮ್ಮ ಎಲ್ ಬೋರ್ಡು ಎರಡೂ ಆಗಬಹುದಿತ್ತು. ನಾವು ಅದನ್ನು ಮೂರನೆಯದನ್ನಾಗಿ ಮಾಡಿದೆವು, ‘ಇವನನ್ನು ನೋಡಿ ನಗಿ’. ಎಲ್ ಕಂಡ ಕೂಡಲೇ ಹಾರ್ನ್ ಒತ್ತುವುದು, ಬದಿಯಿಂದ ನುಗ್ಗಿ ಮುಂದೆ ಹೋಗಿ ತಿರುಗಿ ನೋಡುವುದು ನಮ್ಮಲ್ಲಿ ಸಾಮಾನ್ಯ. ಹೆಂಗಸರು ಓಡಿಸುತ್ತಿದ್ದರಂತೂ ಕೇಳುವುದೇ ಬೇಡ. ಹೀಗಾಗಿ ಎಲ್ ಹಚ್ಚಿದರೆ ತೊಂದರೆ ಜಾಸ್ತಿ ಎಂದು ಕಲಿಯುವವರೇ ಅದನ್ನು ಮರೆಮಾಡುತ್ತಾರೆ. ಕಾನೂನು ಇದ್ದೂ ಗುರುತು ಸೋತದ್ದು ಹೀಗೆ.

ಭಾರತದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸುಮಾರು 460. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಒಂದು ಎಲೆಯ ಚಿತ್ರ ಏನು ಮಾಡೀತು ಎಂದು ಕೇಳಬಹುದು. ನಮ್ಮ ಉತ್ತರ ಇಷ್ಟೇ: ಹೊಸ ಕಾಯಿದೆ ಬರುವವರೆಗೂ ಕಾಯದೆ ಮಾಡಬಹುದಾದ ಕೆಲಸಗಳಲ್ಲಿ ಇದೊಂದು.

ಮೊದಲನೆಯದಾಗಿ, ಹದಿನೆಂಟಾಗದ ಮಕ್ಕಳ ಕೈಗೆ ಬೈಕಿನ ಕೀಲಿ ಕೊಡುವುದನ್ನು ಹೆತ್ತವರು ನಿಲ್ಲಿಸಬೇಕು. 2019ರ ತಿದ್ದುಪಡಿಯ ಪ್ರಕಾರ ಅಂಥ ಪ್ರಕರಣದಲ್ಲಿ ಪೋಷಕರಿಗೆ ಅಥವಾ ವಾಹನದ ಮಾಲಿಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗುವಿಗೆ 25 ತುಂಬುವವರೆಗೆ ಲೈಸೆನ್ಸು ಸಿಗದು. ಯಾವ ಗುರುತೂ ಇದಕ್ಕೆ ಮದ್ದಲ್ಲ.

ಎರಡನೆಯದಾಗಿ, ಹೊಸದಾಗಿ ಪಾಸಾದ ನಮ್ಮ ಹಳೆ ವಿದ್ಯಾರ್ಥಿಗಳು ಎಲ್ ತೆಗೆದ ಜಾಗದಲ್ಲಿ ‘ಹೊಸ ಚಾಲಕ’ ಎಂಬ ಒಂದು ಚೀಟಿಯನ್ನು ಒಂದು ವರ್ಷ ಅಂಟಿಸಿಕೊಳ್ಳಲಿ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಗಾಜಿನ ನೋಟಕ್ಕೆ ಅಡ್ಡ ಬಾರದಿರಲಿ. ಚಿತ್ರಕಲೆಯ ಅವಧಿಯಲ್ಲಿ ಮಕ್ಕಳಿಗೆ ನಮ್ಮ ಊರಿನದೇ ಒಂದು ಚಿಗುರನ್ನು ಬಿಡಿಸಲು ಹೇಳಿದರೆ ಮಾವಿನ ಕೆಂಪು ತಳಿರೋ ಹಲಸಿನ ಎಳೆಯೆಲೆಯೋ ಖಂಡಿತ ಬಂದೀತು. ಅಣ್ಣನ ಬೈಕಿಗೆ ತಂಗಿ ಬಿಡಿಸಿದ ಎಲೆ ಅಂಟಿದರೆ ಅದನ್ನು ಕಿತ್ತೆಸೆಯಲು ಅಣ್ಣನಿಗೂ ಮನಸ್ಸು ಬಾರದು.

ಮೂರನೆಯದು ನಮ್ಮಂಥ ಹಳಬರಿಗೆ. ಮುಂದಿನ ಗಾಡಿ ಏರಿನಲ್ಲಿ ನಿಂತುಹೋಗಿ, ಸ್ವಲ್ಪ ಹಿಂದಕ್ಕೆ ಜಾರಿ, ಮತ್ತೆ ಸ್ಟಾರ್ಟ್ ಆಗಲು ಒದ್ದಾಡುತ್ತಿದ್ದರೆ ಹಾರ್ನಿನ ಮೇಲಿಂದ ಕೈ ತೆಗೆಯೋಣ. ಎರಡು ಮಾರು ಹಿಂದೆ ನಿಲ್ಲೋಣ. ತಪ್ಪು ಓದಿದ ಮಗುವಿಗೆ ‘ಇನ್ನೊಮ್ಮೆ ಓದು’ ಎನ್ನುವ ನಾವು ರಸ್ತೆಯಲ್ಲಿ ಅದೇ ಮಾತನ್ನು ಮರೆಯಬೇಕಾಗಿಲ್ಲ. ಆ ಗಾಡಿಯಲ್ಲಿರುವುದು ಮೂರು ವರ್ಷದ ಹಿಂದೆ ನಮ್ಮದೇ ಹತ್ತನೆಯ ತರಗತಿಯ ಬೆಂಚಿನಲ್ಲಿದ್ದ ಮಗುವಾಗಿರಬಹುದು.